ಕಣ್ಣು ಕಟ್ಟಿಕೊಂಡು ತುಂಬಿದ ಬಂದೂಕು

ನನ್ನ ಗುರಿ ದೊಡ್ಡದು ಎಂದು ನಮ್ಮೂರಲ್ಲಿ ಈಗ ಹೇಳಿಕೊಂಡು ತಿರುಗುತ್ತಾರೆ. ಅಂದು ನಡೆದದ್ದು ಅದಲ್ಲ. ನನ್ನ ಮೈದುನ ಕೊಟ್ರಪ್ಪ ಬಾಯಿ ಬಿಟ್ಟು ಸೋತ, ನಾನು ಬಾಯಿ ಮುಚ್ಚಿಕೊಂಡು ಗೆದ್ದೆ. ಅಷ್ಟೇ.

ಹೋದ ವರ್ಷ ಶೇಂಗಾ ಕಿತ್ತು ಮುಗಿದ ಮೇಲೆ ಕೂಡ್ಲಿಗಿ ಕಡೆಯ ಒಂದು ಗುಡ್ಡದ ಬುಡದಲ್ಲಿ ಬಂದೂಕಿನವರ ಕೂಟ ಸೇರಿತ್ತು. ಬೆಳೆ ಕಾಯಲು ಲೈಸೆನ್ಸ್ ಪಡೆದವರು, ಅದರಲ್ಲೂ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಹಳೆಯ ಬಂದೂಕು ಇದ್ದವರು ಮಾತ್ರ. ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯಿಂದಲೂ ಬಂದಿದ್ದರು. ಪೊಲೀಸರ ಒಪ್ಪಿಗೆ ತಂದು ಎಲ್ಲ ಏರ್ಪಾಡು ಮಾಡಿದವರು ಹಂಪಸಾಗರದ ವೀರಣ್ಣ.

ನನ್ನದೂ ಒಂದು ಬಂದೂಕು ಇದೆ. ಯಜಮಾನರದು. ಅವರ ಕಣ್ಣು ಮಂಜಾದ ಮೇಲೆ ಹೊಲದ ಅಟ್ಟಣಿಗೆಯಲ್ಲಿ ಕೂತು ಮದ್ದು ತುಂಬುತ್ತಿದ್ದವಳು ನಾನು. ಮದ್ದಿನ ಹತ್ತಿರ ಕಂದೀಲು ತರಬಾರದು ಎಂಬುದು ಅವರ ಕಟ್ಟುನಿಟ್ಟು. ಹಾಗಾಗಿ ಕತ್ತಲಲ್ಲೇ, ಕೈಯ ಅಂದಾಜಿನಲ್ಲೇ ಕಲಿತೆ. ಅವರು ತೀರಿಕೊಂಡ ಮೇಲೆ ಬಂದೂಕು ನನ್ನ ಹೆಸರಿಗೆ ಬಂತು, ಹಾರಿಸುವ ಕೆಲಸವೂ ನನಗೇ ಬಂತು. ಹಂದಿ ಬಂದರೆ ಮೇಲಕ್ಕೆ ಒಂದು ಈಡು. ಅವು ಓಡಿದರೆ ಸಾಕು.

ಈ ಬಂದೂಕಿನ ಮೇಲೆ ಕೊಟ್ರಪ್ಪನಿಗೆ ಕಣ್ಣು. ಅವನಿಗೆ ತನ್ನದೊಂದು ಇದೆ, ಇದು ಮಗನಿಗೆ ಬೇಕಂತೆ. ಲೈಸೆನ್ಸ್ ಹೊಸದು ಮಾಡಿಸುವ ಹೊತ್ತು ಹತ್ತಿರ ಬಂದಂತೆ ದಿನಾ ಮನೆಗೆ ಬರತೊಡಗಿದ.

"ಅತ್ತಿಗಿ, ಈ ವಯಸ್ಸಿನಾಗ ನಿಮಗ್ಯಾಕ ಬಂದೂಕು? ನನ್ನ ಮಗನಿಗೆ ಕೊಟ್ಟುಬಿಡ್ರಿ. ನಿಮ್ಮ ಹೊಲಾನೂ ಅವನೇ ಕಾಯ್ತಾನ."

ಅವನ ಮಗ ಯಾರ ಹೊಲವನ್ನು ಮೊದಲು ಕಾಯುತ್ತಾನೆ ಎಂಬುದು ನನಗೆ ಗೊತ್ತು. ಗುಡ್ಡಕ್ಕೆ ತಾಗಿರುವುದು ನನ್ನ ಹೊಲ. ಹಂದಿ ಮೊದಲು ನುಗ್ಗುವುದು ನನ್ನ ಮೆಕ್ಕೆಜೋಳಕ್ಕೆ. ಬಂದೂಕು ಹೋದರೆ ಬೆಳೆ ಹೋಗುತ್ತದೆ. ಬೆಳೆ ಹೋದ ಮೇಲೆ, ಹೊಲ ಬೀಳು ಬಿಡುವ ಬದಲು ಅದನ್ನೂ ಕೊಡಿ ಅನ್ನುತ್ತಾರೆ.

ಕೂಟದ ದಿನ ಬೆಳಿಗ್ಗೆ ತೆಂಗಿನಕಾಯಿ ಕಟ್ಟಿ ಹೊಡೆದರು. ಕೊಟ್ರಪ್ಪ ಗೆದ್ದ. ದಾರಕ್ಕೆ ನಿಂಬೆಹಣ್ಣು ತೂಗುಬಿಟ್ಟರು. ಗಾಳಿಗೆ ಅಲ್ಲಾಡುತ್ತಿದ್ದ ಅದನ್ನೂ ಅವನೇ ಹೊಡೆದ. ಆಮೇಲೆ ದಿಮ್ಮಿಗೆ ಕೊಡಲಿ ಸಿಕ್ಕಿಸಿ, ಅಲಗಿನ ಎರಡೂ ಪಕ್ಕ ಬಲೂನು ಕಟ್ಟಿದರು. ಗುಂಡು ಅಲಗಿಗೆ ಬಡಿದು ಸೀಳಿ ಎರಡೂ ಬಲೂನು ಒಡೆಯಬೇಕು. ಹರಪನಹಳ್ಳಿಯವನೊಬ್ಬ ಒಡೆದ. ನೋಡುವಂಥ ಆಟ, ಸುಳ್ಳು ಹೇಳುವುದಿಲ್ಲ.

ಊಟದ ಹೊತ್ತಿಗೆ ವೀರಣ್ಣ ಎದ್ದು ನಿಂತು, "ಇನ್ನೊಂದು ಹೊಸಾ ಆಟ ಯಾರರ ಹೇಳ್ರಿ" ಎಂದರು.

ನಾನು ಕೂತಲ್ಲಿಂದಲೇ ಹೇಳಿದೆ. "ಕಣ್ಣು ಕಟ್ಟಿ ಮದ್ದು ತುಂಬಿಸ್ರಿ. ತುಂಬಿದ ಮ್ಯಾಲೆ ಕಣ್ಣಿನ ಬಟ್ಟಿ ಬಿಚ್ಚಿ ಮಣ್ಣಿನ ಕುಡಿಕಿ ಹೊಡೀಲಿ. ಹಂದಿ ಏನು ಹಗಲೊತ್ತಿನಾಗ ಬರ್ತಾವೇನು?"

ಜನ ನಕ್ಕರು. ಕೊಟ್ರಪ್ಪ ಎಲ್ಲರಿಗೂ ಕೇಳುವಂತೆ, "ಅತ್ತಿಗಿ, ಇದು ರೊಟ್ಟಿ ಬಡಿಯೋ ಪಂದ್ಯ ಅಲ್ಲ" ಎಂದ.

"ರೊಟ್ಟೀನೂ ಕತ್ತಲಾಗ ಬಡಿದೀನಿ, ಮದ್ದೂ ಕತ್ತಲಾಗ ತುಂಬೀನಿ. ನೀ ತಲಿಗೆ ಬ್ಯಾಟರಿ ಕಟ್ಟಿಕೊಳ್ಳದಂಗ ಎರಡರಾಗ ಒಂದು ಮಾಡಿ ತೋರಿಸು."

"ಮಾಡಿದ್ರ?"

"ಬಂದೂಕು ನಿನ್ನ ಮಗನಿಗೆ. ನಾಳೆನೇ ಬಂದು ಸೈ ಹಾಕ್ತೀನಿ. ನಾ ಗೆದ್ರ ಇನ್ನ ಬಂದೂಕಿನ ಸುದ್ದಿ ನಮ್ಮನಿ ಒಳಗ ಎತ್ತಬಾರದು."

ಪಕ್ಕದಲ್ಲಿದ್ದ ಸೊಸೆ ರೇಣುಕಾ ನನ್ನ ಸೆರಗು ಜಗ್ಗಿದಳು. "ಅತ್ತಿ, ಸುಮ್ಮನ ಕೂಡ್ರಿ." ನಾನು ಕೂರಲಿಲ್ಲ.

ದೂರದ ಕಲ್ಲುಗಳ ಮೇಲೆ ಕುಂಕುಮದ ನೀರು ತುಂಬಿದ ಕುಡಿಕೆ ಇಟ್ಟರು. ನಾಲ್ವರು ನಿಂತೆವು. ನಾನು, ಕೊಟ್ರಪ್ಪ, ಹಡಗಲಿಯವನೊಬ್ಬ, ಆ ಬಲೂನು ಒಡೆದ ಹರಪನಹಳ್ಳಿಯವನು. ಮದ್ದಿಗೆ ಕಿಡಿ ಹೊತ್ತಿಸುವ ಕೇಪು ಮಾತ್ರ ಕಣ್ಣು ಬಿಚ್ಚಿ ಗೆರೆಯ ಹತ್ತಿರ ನಿಂತ ಮೇಲೆ ಹಾಕಬೇಕು ಎಂದು ವೀರಣ್ಣ ಕಟ್ಟಪ್ಪಣೆ ಮಾಡಿ ಕಣ್ಣು ಕಟ್ಟಿಸಿದರು.

ಕಣ್ಣು ಕಟ್ಟಿದ್ದೇ ತಡ, ಜನ ಕೊಟ್ರಪ್ಪನನ್ನು ಕೆಣಕಲು ಶುರುಮಾಡಿದರು.

"ಕೊಟ್ರಪ್ಪ, ಅದು ಬಂದೂಕಲೇ, ಹುಕ್ಕಾ ಅಲ್ಲ."

"ನಿಮ್ಮಪ್ಪಗ ಕಲಿಸಿದವನು ನಾನಲೇ."

"ಅತ್ತಿಗಿ ಮುಗಿಸಾಕ ಬಂದಾಳ ನೋಡು."

"ಮುಗಿಸ್ಲಿ ಬಿಡು, ಒಲಿ ಮುಂದ ಕುಂತಾಳಂತ ತಿಳ್ಕೊಂಡಾಳ."

ಎಲ್ಲರಿಗೂ ಉತ್ತರ ಕೊಡುತ್ತಿದ್ದ. ನಾನು ಯಾರಿಗೂ ಕೊಡಲಿಲ್ಲ. ಮದ್ದು ಸುರಿದೆ, ನಾರು ತುರುಕಿದೆ, ಕಬ್ಬಿಣದ ಕಡ್ಡಿಯಿಂದ ಜಡಿದೆ, ಗುಂಡು ಬಿಟ್ಟೆ, ಮತ್ತೆ ನಾರು, ಮತ್ತೆ ಜಡಿದೆ. ಆಮೇಲೆ ಕಡ್ಡಿಯನ್ನು ಒಳಗೇ ಬಿಟ್ಟು ಬೆರಳಿನಿಂದ ಅಳೆದೆ. ನಳಿಗೆಯ ಬಾಯಿಂದ ನಾಲ್ಕು ಬೆರಳು ಹೊರಗೆ ನಿಂತಿತ್ತು. ಒಳಗೆ ಮದ್ದೂ ಗುಂಡೂ ಸರಿಯಾಗಿ ಕೂತರೆ ನನ್ನ ಬಂದೂಕಿನಲ್ಲಿ ಅಷ್ಟು ನಿಲ್ಲಬೇಕು. ಕಡ್ಡಿ ಹೊರಗೆಳೆದು ಕಣ್ಣಿನ ಬಟ್ಟೆ ಬಿಚ್ಚಿದೆ. ಅಷ್ಟರಲ್ಲಿ ಉಳಿದ ಮೂವರೂ ಆಗಲೇ ಬಿಚ್ಚಿಕೊಂಡು ಗೆರೆಯ ಹತ್ತಿರ ನಿಂತಿದ್ದರು. ನಾನೇ ಕೊನೆಯವಳು.

ಕೊಟ್ರಪ್ಪ ಕೇಪು ಹಾಕಿ ಗುರಿ ಹಿಡಿದ. ಟಪ್ ಎಂದಿತು, ಗುಂಡು ಹಾರಲಿಲ್ಲ. ಇನ್ನೊಂದು ಕೇಪು ಹಾಕಿದ. ಮತ್ತೆ ಟಪ್.

"ಸೀನಿದೇನು ಕೊಟ್ರಪ್ಪ?" ಎಂದು ಹಿಂದಿನಿಂದ ಯಾರೋ ಕೇಳಿದರು.

ಮಾತಿನ ಭರದಲ್ಲಿ ಮದ್ದು ಹಾಕುವುದನ್ನೇ ಬಿಟ್ಟಿದ್ದ. ಗುಂಡೊಂದನ್ನೇ ಜಡಿದು ಕೂರಿಸಿದ್ದ. ಹಡಗಲಿಯವನ ಗುಂಡು ಗುಡ್ಡಕ್ಕೆ ಹೋಯಿತು. ಹರಪನಹಳ್ಳಿಯವನು ಅರ್ಧ ಮದ್ದು ತನ್ನ ಕಾಲ ಮೇಲೇ ಸುರಿದುಕೊಂಡಿದ್ದ. ಅವನ ಗುಂಡು ಕುಡಿಕೆಯವರೆಗೂ ಮುಟ್ಟಲಿಲ್ಲ.

ನಾನು ಹಾರಿಸಿದೆ. ಭುಜ ಝುಮ್ ಎಂದಿತು, ಮುಖದ ತುಂಬ ಹೊಗೆ. ಹೊಗೆ ಸರಿದಾಗ ಕುಡಿಕೆ ಇರಲಿಲ್ಲ, ಅದರೊಳಗಿದ್ದ ಕುಂಕುಮದ ನೀರು ಕಲ್ಲಿನ ಮೇಲೆ ಇಳಿಯುತ್ತಿತ್ತು. ಗುಂಡು ನಡುವಿಗೇ ಬಿತ್ತು ಎಂದು ರೇಣುಕಾ ಹೇಳುತ್ತಾಳೆ. ನಡುವಿಗಲ್ಲ, ಅಂಚಿಗೆ. ಅಂಚಿಗೆ ಬಿದ್ದರೂ ಕುಡಿಕೆ ಒಡೆಯುತ್ತದೆ.

ಜನ ಹಲಗೆ ಬಡಿದರು. ಒಂದು ಟಗರು ಕೊಟ್ಟರು. ಮುಂದಿನ ವರ್ಷವೂ ಈ ಆಟ ಇರುತ್ತದೆ ಎಂದು ವೀರಣ್ಣ ಅಲ್ಲೇ ಸಾರಿದರು. ಟಗರಿನ ಹಗ್ಗ ಹಿಡಿದು ಊರೊಳಗೆ ನಡೆದು ಬರುವಾಗ ನನಗೆ ಆದ ಸಂತೋಷ ನನ್ನ ಮದುವೆಯಲ್ಲೂ ಆಗಿರಲಿಲ್ಲ. ಅದನ್ನು ಈಗಲೂ ಮರೆತಿಲ್ಲ, ಮರೆಯುವುದೂ ಇಲ್ಲ.

ಮರುದಿನ ಬೆಳಿಗ್ಗೆ ನೀರು ಕಾಯಿಸಿ ನನ್ನ ಬಂದೂಕಿನ ನಳಿಗೆ ತೊಳೆದು, ಎಣ್ಣೆ ಹಚ್ಚಿ, ಗೂಟಕ್ಕೆ ತೂಗುಹಾಕಿದೆ. ಆಮೇಲೆ ಚೂರು ಮದ್ದು ಕಟ್ಟಿಕೊಂಡು ಕೊಟ್ರಪ್ಪನ ಮನೆಗೆ ಹೋದೆ. ಅವನ ಬಂದೂಕಿನಲ್ಲಿ ಗುಂಡು ಇನ್ನೂ ಸಿಕ್ಕಿಕೊಂಡೇ ಇತ್ತು. ಕೇಪು ಕೂರಿಸುವ ತೂತಿನಿಂದ ಪಿನ್ನಿನಲ್ಲಿ ಚಿಟಿಕೆ ಚಿಟಿಕೆ ಮದ್ದು ಇಳಿಸಿ, ಹಿತ್ತಲಿನ ಮಣ್ಣುಗುಡ್ಡೆಗೆ ಹಾರಿಸಿ, ಬಂದೂಕು ಖಾಲಿ ಮಾಡಿ ಅವನ ಕೈಗೆ ಕೊಟ್ಟೆ. ಅವನು ಅದನ್ನು ಒಳಗೆ ಒಯ್ದು ಗೂಟಕ್ಕೆ ತೂಗುಹಾಕಿದ. ಅವನ ಹೆಂಡತಿ ಚಹಾ ಕೊಟ್ಟಳು, ಕುಡಿದು ಹೊಲಕ್ಕೆ ಹೋದೆ.