ಸಿಹಿ ಕೋಸು, ಹುಳಿ ಮುಖ

ಲೋಕದ ಮನೆಗಳಲ್ಲಿ ಊಟಕ್ಕೆ ತಕ್ಕ ವೈನು ಹುಡುಕುತ್ತಾರೆ. ಹೆರ್ಮೀನೆ ಮಾತ್ರ ಮೂವತ್ತೈದು ವರ್ಷದಿಂದ ಗಂಡನ ವೈನಿಗೆ ತಕ್ಕ ಊಟ ಮಾಡಿಕೊಂಡು ಬಂದವಳು. ಗಂಡ ಎಂಗೆಲ್ಬರ್ಟ್ ಸ್ವಂತ ದ್ರಾಕ್ಷಿತೋಟದಿಂದ ತೆಗೆಯುವ ವೆಲ್ಟ್‌ಲೈನರ್ ಬಿಳಿ ವೈನು. ಮೂಗಿಗೆ ಕಾಳುಮೆಣಸು, ನಾಲಿಗೆಗೆ ಚುರುಕು, ಹನಿ ಸಿಹಿಯಿಲ್ಲ. ಬ್ರೆಡ್ಡಿನ ಪುಡಿ ಮೆತ್ತಿ ಕರಿದ ಕರುವಿನ ಮಾಂಸ ಅದಕ್ಕೆ ಒಗ್ಗುತ್ತದೆ, ಬೇಯಿಸಿದ ದನದ ಮಾಂಸವೂ ಒಗ್ಗುತ್ತದೆ. ಒಗ್ಗದ್ದು ಆ ಮನೆಯ ಮೇಜು ಹತ್ತುವುದಿಲ್ಲ. ಕಟುಕರ ಮನೆಯ ಗಟ್ಟಿಗಿತ್ತಿ ಹುಡುಗಿ ಹೆರ್ಮೀನೆ ಮದುವೆಯಾದ ವರ್ಷವೇ ಅದನ್ನು ಕಲಿತು ಬಾಯಿ ಮುಚ್ಚಿಕೊಂಡಿದ್ದಳು.

ಎಂಗೆಲ್ಬರ್ಟನಿಗೆ ಸಿಹಿ ಕಂಡರಾಗದಿರಲು ಕಾರಣವೂ ಇತ್ತು. ಅವನ ಹರೆಯದಲ್ಲಿ ಎಲ್ಲೋ ಯಾರೋ ಕೆಲವರು ವೈನಿಗೆ ಸಿಹಿ ಬರಲೆಂದು ಔಷಧಿ ಬೆರೆಸಿ ಸಿಕ್ಕಿಬಿದ್ದರು. ಮಸಿ ಮಾತ್ರ ಇಡೀ ಆಸ್ಟ್ರಿಯಾದ ಮುಖಕ್ಕೆ ಬಿತ್ತು. ಇವನ ಅಪ್ಪಟ ವೈನನ್ನೂ ಕೇಳುವವರಿಲ್ಲದೆ ಪೀಪಾಯಿಗಳು ಹಾಗೆಯೇ ಉಳಿದವು. ಅವತ್ತಿನಿಂದ ಆಸಾಮಿ ಕಾಫಿಗೂ ಸಕ್ಕರೆ ಬಿಟ್ಟ.

ಇಂಥವನ ಮಗಳು ರೋಸ್ವಿತಾ ಮೆಚ್ಚಿದ್ದು ಜರ್ಮನಿಯ ಮೋಸೆಲ್ ನದಿಯ ದಂಡೆಯ ಯೋಸ್ಟ್‌ನನ್ನು. ಅವರ ಕಡೆ ರೀಸ್ಲಿಂಗ್ ದ್ರಾಕ್ಷಿಯ ಸಿಹಿಯನ್ನು ಪೂರ್ತಿ ಹುಳಿಯಲು ಬಿಡದೆ ಸ್ವಲ್ಪ ಉಳಿಸಿಕೊಳ್ಳುತ್ತಾರೆ. ಹುಡುಗ ಉಡುಗೊರೆಯಾಗಿ ತಂದ ಅಂಥದೊಂದು ಸೀಸೆ ಬಾಗಿಲ ಬಳಿ ಬೂಟುಗಳ ಪಕ್ಕ ನಿಂತಿತ್ತು. "ಅದು ಅಲ್ಲೇ ಇರ್ಲಿ" ಎಂದಿದ್ದ ಎಂಗೆಲ್ಬರ್ಟ್.

ಅವತ್ತು ಸಂತ ಮಾರ್ಟಿನನ ಹಬ್ಬ. ಹೊಸ ವೈನು, ಹುರಿದ ಹೆಬ್ಬಾತು. ಹೊಲಮನೆ ಕೈ ಬದಲಾಗುವುದೂ ಹಳೆಯ ಕಾಲದಿಂದ ಅದೇ ದಿನ. ಹುಡುಗ ಸರಿಯೆನಿಸಿದರೆ ವೈನಿನ ನೆಲಮಾಳಿಗೆಯ ಕೀಲಿ, ಜೊತೆಗೆ ತೋಟ ಮಗಳಿಗೆ, ಇಲ್ಲವಾದರೆ ತೋಟ ಪಕ್ಕದೂರಿನವರಿಗೆ ಗುತ್ತಿಗೆ ಎಂದು ಎಂಗೆಲ್ಬರ್ಟ್ ಮೊದಲೇ ಸಾರಿಬಿಟ್ಟಿದ್ದ.

ಒಬ್ಬರ ಕಣ್ಣು ಒಬ್ಬರು ನೋಡಿ ಲೋಟ ತಾಗಿಸಿದರು. ಮೊದಲ ಗುಟುಕಿಗೆ ಎಂಗೆಲ್ಬರ್ಟನ ಮುಖ ಅರಳಿತು. ಆಮೇಲೆ ಹೆಬ್ಬಾತು ಬಂತು, ಆಲೂಗೆಡ್ಡೆ ಕಡುಬು ಬಂತು, ಕೆಂಪು ಎಲೆಕೋಸಿನ ಪಲ್ಯ ಬಂತು. ಎರಡು ತುತ್ತು ತಿಂದು ಅವನು ಮತ್ತೆ ಲೋಟ ಎತ್ತಿದ. ಮುಖ ಹುಣಸೆಹಣ್ಣು ಕಚ್ಚಿದಂತಾಯಿತು.

ಎದುರಿಗೆ ಯೋಸ್ಟ್‌ನೂ ಆಗಷ್ಟೇ ಕುಡಿದಿದ್ದ. ಅವನ ಮುಖವೂ ಕಿವುಚಿಕೊಂಡಿತು. ತಕ್ಷಣ ನಗು ತಂದುಕೊಂಡ. ತಡವಾಗಿತ್ತು.

"ಯಾಕಪ್ಪಾ? ನನ್ನ ವೈನು ಹಿಡಿಸ್ಲಿಲ್ವಾ?"

"ಇಲ್ಲ ಮಾವ, ತುಂಬಾ ಚೆನ್ನಾಗಿದೆ."

"ನಾನಿನ್ನೂ ನಿನಗೆ ಮಾವ ಆಗಿಲ್ಲ. ಹೊಸ ವೈನು ವಿನೆಗರ್ ಥರ ಇದೆ. ನನ್ನ ನಾಲಿಗೆಗೆ ಗೊತ್ತಾಗಿದ್ದು ನಿನ್ನದಕ್ಕೆ ಗೊತ್ತಾಗ್ಲಿಲ್ಲ ಅಂದ್ರೆ ನಿನಗೆ ನಾಲಿಗೆ ಇಲ್ಲ. ಗೊತ್ತಾಗಿಯೂ ಚೆನ್ನಾಗಿದೆ ಅಂದಿದ್ರೆ ನೀನು ಸುಳ್ಳ. ನಾಲಿಗೆ ಇಲ್ಲದವನನ್ನ ನಂಬಿ ಕೊಡ್ಲಾ ಕೀಲಿ, ಸುಳ್ಳನನ್ನ ನಂಬಿ ಕೊಡ್ಲಾ?"

ರೋಸ್ವಿತಾಳ ಫೋರ್ಕು ಗಾಳಿಯಲ್ಲೇ ನಿಂತಿತು. "ಅಪ್ಪಾ, ಅವನು ಮರ್ಯಾದೆಗೆ ಹೇಳಿದ್ದು."

"ಅವತ್ತು ವೈನಿಗೆ ಔಷಧಿ ಹಾಕಿದವರೂ ಕುಡಿಯೋರನ್ನ ಮೆಚ್ಚಿಸೋಕೇ ಹಾಕಿದ್ದು ಕಣಮ್ಮಾ."

ಯೋಸ್ಟ್ ಕಿವಿಯವರೆಗೆ ಕೆಂಪಾದ. ಎಂಗೆಲ್ಬರ್ಟ್ ಕುರ್ಚಿ ಹಿಂದೆ ತಳ್ಳಿ ಏಳಲು ಹೊರಟ. ಹಾಗೆ ಎದ್ದರೆ ಆ ಮನುಷ್ಯ ಅದೇ ವಿಷಯಕ್ಕೆ ಮತ್ತೆ ಕೂರುವವನಲ್ಲ ಎನ್ನುವುದು ಹೆರ್ಮೀನೆಗೆ ಗೊತ್ತು. ಹುಳಿ ಎಲ್ಲಿಂದ ಬಂತೆಂಬುದೂ ಅವಳೊಬ್ಬಳಿಗೇ ಗೊತ್ತು. ಬಾಯಿಬಿಟ್ಟರೆ ಮೂವತ್ತೈದು ವರ್ಷದ ಅಡುಗೆಮನೆಯ ಮಾನ ಹೋಗುತ್ತದೆ.

"ಕೂತ್ಕೊಳ್ರೀ" ಎಂದಳು. "ವೈನು ಸರಿಯಾಗೇ ಇದೆ. ಕೋಸಿಗೆ ಸೇಬು ಹಾಕಿದ್ದೀನಿ. ಅರ್ಧ ಸೀಸೆ ಕಾಡುಹಣ್ಣಿನ ಜಾಮೂ ಹಾಕಿದ್ದೀನಿ. ಬಾಯಲ್ಲಿ ಅಷ್ಟು ಸಿಹಿ ಇಟ್ಕೊಂಡು ಕುಡಿದ್ರೆ ಯಾವ ವೆಲ್ಟ್‌ಲೈನರ್ ಆದ್ರೂ ಹುಳಿಯೇ."

ಅವನು ನಿಂತೂ ಇರಲಿಲ್ಲ, ಕೂತೂ ಇರಲಿಲ್ಲ.

"ನನ್ನ ಮನೇಲಿ? ಈ ಹುಡುಗನಿಗೋಸ್ಕರ?"

"ಅವರಮ್ಮ ಹೀಗೇ ಮಾಡ್ತಾರಂತೆ, ಅದೊಂದು ನೆಪ. ನಮ್ಮಮ್ಮನೂ ಹೀಗೇ ಮಾಡ್ತಿದ್ಲು. ನನಗೇ ತಿನ್ನಬೇಕು ಅನ್ನಿಸಿತ್ತು."

ಗಂಡ ಅವಳನ್ನು ಮನೆಗೆ ಬಂದ ಹೊಸ ಬಾಡಿಗೆದಾರಳನ್ನು ನೋಡುವಂತೆ ನೋಡಿದ. ಆಮೇಲೆ ಕುರ್ಚಿಗೆ ಕುಸಿದು, ಹುಡುಗನತ್ತ ತಿರುಗದೆಯೇ, "ತಗೊಂಡು ಬಾ ಅದನ್ನ" ಎಂದ.

ಯೋಸ್ಟ್ ಬಾಗಿಲ ಬಳಿಯಿದ್ದ ತನ್ನ ಸೀಸೆ ತಂದು ಹೆರ್ಮೀನೆಯ ಲೋಟಕ್ಕೆ ಸುರಿಯುವಾಗ ಮೇಜುಬಟ್ಟೆಗೂ ಒಂದಿಷ್ಟು ಬಿತ್ತು. ಅವಳು ಕೋಸು ತಿಂದು, ಗುಟುಕು ಕುಡಿದಳು. ಮೂರು ಜೊತೆ ಕಣ್ಣು ಅವಳ ಗಂಟಲ ಮೇಲಿದ್ದವು. ಹೊಗಳಿದರೆ ಗಂಡನಿಗೆ ಇರಿದಂತೆ, ತೆಗಳಿದರೆ ಮಗಳಿಗೆ.

"ಒಗ್ಗತ್ತೆ ಕಣ್ರೀ" ಎಂದಳು, ತಲೆ ತಗ್ಗಿಸದೆ.

ಎಂಗೆಲ್ಬರ್ಟ್ ಕುರ್ಚಿ ಮುಂದಕ್ಕೆಳೆದುಕೊಂಡು ಯೋಸ್ಟ್‌ನನ್ನು ಕೇಳಿದ. "ಈಗ ಹೇಳು. ನನ್ನ ವೈನು ಈ ಕೋಸಿನ ಜೊತೆ ಹೇಗಿತ್ತು?"

ಈ ಸಲ ಹುಡುಗ ನಗು ತಂದುಕೊಳ್ಳಲಿಲ್ಲ. "ಕೆಟ್ಟದಾಗಿತ್ತು, ಯಜಮಾನ್ರೇ."

"ಹೂಂ."

ಜೇಬಿನಿಂದ ಕೀಲಿ ತೆಗೆದು, ಹುಡುಗನ ತಟ್ಟೆ ದಾಟಿಸಿ ಮಗಳ ತಟ್ಟೆಯ ಪಕ್ಕಕ್ಕೆ ತಳ್ಳಿದ. "ನಾನಿರೋವರೆಗೂ ಮೇಲಿನ ತೋಟದಲ್ಲಿ ವೆಲ್ಟ್‌ಲೈನರ್ ಮಾತ್ರ. ಕೆಳಗಿನ ತೋಟದಲ್ಲಿ ನೀವು ಏನಾದ್ರೂ ಹಾಳುಮಾಡ್ಕೊಳ್ಳಿ."

ಅವನು ತನ್ನ ತಟ್ಟೆಯ ಕೋಸನ್ನು ಒಂದು ಎಳೆಯೂ ಬಿಡದೆ ಹೆಂಡತಿಯ ತಟ್ಟೆಗೆ ದಾಟಿಸಿ, ಬರೀ ಕಡುಬಿನೊಂದಿಗೆ ತನ್ನ ವೈನು ಕುಡಿದ. ಹೆರ್ಮೀನೆ ಅಷ್ಟನ್ನೂ ತಿಂದಳು. ಆಮೇಲೆ ಪಾತ್ರೆಯಲ್ಲಿ ಉಳಿದದ್ದನ್ನೂ ಬಡಿಸಿಕೊಂಡಳು.