ಬುಟ್ಟಿಯ ತಲೆ ತಗ್ಗಿಸಿದ್ದು

‘ಯಾಕಬೇ, ನಿನ್ನ ಬುಟ್ಟಿ ಹಂಗ್ಯಾಕ ಮುಗಿಲಿಗೆ ಮಾರಿ ಮಾಡಿ ನಿಂತೈತಿ? ಭಾಳ ಸೊಕ್ಕ ಐತೇನ ಅದಕ್ಕ?’

ವಿಜಯಪುರಕ್ಕೆ ಬಂದ ನಾಲ್ಕನೆಯ ದಿನ ಪಕ್ಕದ ಮಾಳಿಗೆಯಿಂದ ಈ ಪ್ರಶ್ನೆ ತೂರಿ ಬಂದಾಗ ನಾನು ಬೆಚ್ಚಿಬಿದ್ದೆ. ನಮ್ಮ ನಂಜನಗೂಡಿನಲ್ಲಿ ಗುರುತಿಲ್ಲದವರನ್ನು ಮಾತನಾಡಿಸಬೇಕಾದರೆ ಮೊದಲು ಒಂದು ಸಣ್ಣ ನಗೆ, ಆಮೇಲೆ ‘ಯಾವೂರಾಯ್ತಮ್ಮ’ ಎಂಬ ವಿಚಾರಣೆ, ಅದಾದ ಮೇಲೆ ಮಾತು. ಇಲ್ಲಿ ನನ್ನ ಹೆಸರನ್ನೂ ಕೇಳದೆ ನನ್ನ ಡಿಶ್ಶಿಗೆ ಸೊಕ್ಕು ಎಂದು ತೀರ್ಪು ಕೊಟ್ಟಾಗಿತ್ತು. ಡಿಶ್ಶನ್ನು ಬುಟ್ಟಿ ಎನ್ನುತ್ತಾರೆ ಎಂಬುದು ಸರಿ, ನಮ್ಮ ಕಡೆಯೂ ಹಾಗೇ. ಆದರೆ ಬುಟ್ಟಿಗೆ ಮಾರಿ, ಅಂದರೆ ಮುಖ ಇರುತ್ತದೆ, ಆ ಮುಖಕ್ಕೆ ಸೊಕ್ಕೂ ಇರಬಹುದು ಎಂದು ನನಗೆ ಯಾರೂ ಹೇಳಿರಲಿಲ್ಲ.

ಹಾಗೆ ಕೇಳಿದವರು ಗುರುಬಾಯಿ ಕಾಕು. ಕಾಕು ಎಂದರೆ ಚಿಕ್ಕಮ್ಮ. ಇಬ್ರಾಹಿಂಪುರದಲ್ಲಿ, ರೈಲು ಹೋದರೆ ಪಾತ್ರೆಗಳು ಗಲಗಲ ಎನ್ನುವಷ್ಟು ಹಳಿಗೆ ಹತ್ತಿರ ನಾನು ಹಿಡಿದ ಬಾಡಿಗೆ ಮನೆಯ ಪಕ್ಕದವರು. ಮನೆಯಲ್ಲೇ ರೊಟ್ಟಿ ಬಡಿದು ಖಾನಾವಳಿಗಳಿಗೆ ಕಳಿಸುತ್ತಾರೆ. ನಾನು ಬಬಲೇಶ್ವರದ ಒಂದು ಪ್ರೌಢಶಾಲೆಗೆ ವಿಜ್ಞಾನದ ಟೀಚರಾಗಿ ಬಂದವಳು. ಊರು ಹೊಸದು, ಮನೆಯಲ್ಲಿ ಒಬ್ಬಳೇ. ಕೊನೆಗೆ ಟಿವಿಯಾದರೂ ಮಾತನಾಡಲಿ ಎಂದು ಡಿಶ್ ಕೂರಿಸಲು ಮಾಳಿಗೆ ಹತ್ತಿದ್ದೆ.

ಡಿಶ್ ಕೂರಿಸುವುದು ನನಗೆ ಹೊಸ ಕೆಲಸವಲ್ಲ. ಅಪ್ಪನದು ನಂಜನಗೂಡಿನಲ್ಲಿ ರೇಡಿಯೊ-ಟಿವಿ ರಿಪೇರಿ ಅಂಗಡಿ. ನಾನು ಹೊರಡುವಾಗ ಅಪ್ಪ ಒಂದು ಪ್ಲೈವುಡ್ ಪಟ್ಟಿ ಕೊಟ್ಟಿದ್ದರು. ಅದಕ್ಕೊಂದು ದಾರ, ದಾರದ ತುದಿಗೆ ಒಂದು ನಟ್ಟು. ಪಟ್ಟಿಯನ್ನು ಬುಟ್ಟಿಯ ಬೆನ್ನಿಗೆ ಒತ್ತಿ ಹಿಡಿದು, ದಾರ ಅಪ್ಪ ಎಳೆದ ಗೀರಿನ ಮೇಲೆ ಬೀಳುವಂತೆ ಬುಟ್ಟಿಯನ್ನು ಬಾಗಿಸಿದರೆ ಮುಗಿಯಿತು, ಉಪಗ್ರಹ ಸಿಕ್ಕಂತೆಯೇ. ನಮ್ಮೂರಿನ ಅರ್ಧ ಮಾಳಿಗೆಗಳು ಆ ಗೀರನ್ನು ನಂಬಿಕೊಂಡು ಟಿವಿ ನೋಡುತ್ತವೆ.

ಕಷ್ಟ ಬೇರೆಯದು. ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಮೇಲೆ ಬುಟ್ಟಿ ತಿರುಗಿಸುತ್ತಾ ‘ಬಂತಾ?’ ಎನ್ನಬೇಕು, ಇನ್ನೊಬ್ಬರು ಕೆಳಗೆ ಟಿವಿ ನೋಡುತ್ತಾ ‘ಇಲ್ಲಾ’ ಎನ್ನಬೇಕು. ಊರಿನಲ್ಲಿ ಮೇಲೆ ಅಪ್ಪ, ಕೆಳಗೆ ನಾನು. ದೊಡ್ಡವಳಾದ ಮೇಲೆ ಮೇಲೆ ನಾನು, ಕೆಳಗೆ ಅಪ್ಪ. ಇಲ್ಲಿ ಮೇಲೂ ನಾನೇ, ಕೆಳಗೂ ನಾನೇ. ಬುಟ್ಟಿಯನ್ನು ಕೂದಲೆಳೆಯಷ್ಟು ಸರಿಸಿ, ಮೆಟ್ಟಿಲಿಳಿದು ಓಡಿ, ಖಾಲಿ ಪರದೆ ನೋಡಿ, ಮತ್ತೆ ಹತ್ತಿ ಬರುತ್ತಿದ್ದೆ. ಒಂಟಿತನ ಎಂದರೆ ಏನೆಂದು ಯಾರಾದರೂ ಕೇಳಿದರೆ ನಾನು ಈಗಲೂ ಆ ಮೆಟ್ಟಿಲುಗಳನ್ನೇ ಹೇಳುತ್ತೇನೆ.

ಕಾಕು ಎರಡು ಸಲ ನೋಡಿದರು. ಮೂರನೆಯ ಸಲ ಹಿಟ್ಟಿನ ಕೈಯಲ್ಲೇ ನಮ್ಮ ಮನೆಯೊಳಗೆ ಬಂದು ಟಿವಿ ಮುಂದೆ ನಿಂತರು. ‘ನೀ ಮ್ಯಾಲ ನಿಂದರು. ನಾ ಕೆಳಗ ನಿಂತ ಒದರತೇನಿ.’

ಒದರಿದರು. ಅವರ ‘ಇಲ್ಲಬೇ’ ಮೂರು ಮನೆಗಳಾಚೆಗೆ ಕೇಳುತ್ತಿತ್ತು. ಅಪ್ಪನ ಗೀರಿಗೆ ಸರಿಯಾಗಿ ನಿಲ್ಲಿಸಿದರೂ ಚಿತ್ರ ಬರಲಿಲ್ಲ. ಸಿಟ್ಟಿನಿಂದ ಎತ್ತೆತ್ತಲೋ ತಿರುವುತ್ತಾ ಹೋದಾಗ ಒಮ್ಮೆ ‘ಬಂತು, ಬಂತು, ಕೈ ತಗಿ!’ ಎಂದರು. ಬುಟ್ಟಿ ಕೂರಿಸಿದ ಕಂಬವೇ ಸೊಟ್ಟಗಿದೆ, ಅದಕ್ಕೇ ಲೆಕ್ಕ ತಪ್ಪಿತು ಎಂದೆ.

‘ನಮ್ಮ ಕಂಬಕ್ಕೇನೂ ಆಗಿಲ್ಲ ಬಿಡು’ ಎಂದು ಹೇಳಿ ಕಾಕು ಹೊರಟರು. ಸಂಜೆ ಎರಡು ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ ಕಳಿಸಿದರು. ನಾನು ರೊಟ್ಟಿಯನ್ನು ಅನುಮಾನದಿಂದಲೇ ಮುರಿದೆ. ಮುದ್ದೆ ತಿಂದು ಬೆಳೆದವರಿಗೆ ಊಟ ಮಾಡುವಾಗ ಸದ್ದು ಬಂದರೆ ಏನೋ ತಪ್ಪಾದ ಹಾಗೆ.

ಮೊದಮೊದಲು ಎಲ್ಲದರಲ್ಲೂ ಇಲ್ಲಿನದೇ ತಪ್ಪು ಕಾಣುತ್ತಿತ್ತು. ನಮ್ಮಲ್ಲಿ ಕಪಿಲೆಯ ಗಾಳಿ, ಇಲ್ಲಿ ಮಾರ್ಚಿಗೇ ಕಾದ ಹಂಚು. ನಮ್ಮಲ್ಲಿ ಮೆಲ್ಲಗೆ ಮಾತನಾಡುವುದು ಮರ್ಯಾದೆ, ಇಲ್ಲಿ ಮೆಲ್ಲಗೆ ಮಾತನಾಡಿದರೆ ‘ಆರಾಮ ಇಲ್ಲೇನ್ರಿ?’ ಎಂದು ವಿಚಾರಿಸುತ್ತಾರೆ. ಸಾರವಾಡದ ಮೇಲೆ ಹಾಯ್ದು ಬಬಲೇಶ್ವರಕ್ಕೆ ಹೋಗುವ ಬಸ್ಸಿನಲ್ಲಿ ಗುರುತಿಲ್ಲದ ಹೆಂಗಸರು ತಮ್ಮ ಚೀಲ, ಕೆಲವೊಮ್ಮೆ ಕೂಸನ್ನೂ ನನ್ನ ತೊಡೆಯ ಮೇಲೆ ಇಟ್ಟುಬಿಡುತ್ತಿದ್ದರು. ಅಪ್ಪ ಪ್ರತಿ ವಾರ ಫೋನಿನಲ್ಲಿ ಕೇಳುತ್ತಿದ್ದುದು ಒಂದೇ: ‘ವರ್ಗಾವಣೆಗೆ ಅರ್ಜಿ ಹಾಕೋಕೆ ಯಾವಾಗ ಆಗತ್ತಂತಮ್ಮಾ?’ ಆಗುವ ಮೊದಲ ದಿನವೇ ಹಾಕುತ್ತೇನೆ ಎನ್ನುತ್ತಿದ್ದೆ.

ಕಾಕುವಿನ ತಮ್ಮ ಸಿದರಾಯಣ್ಣ ತಿಕೋಟಾದವರು. ದ್ರಾಕ್ಷಿ ಬೆಳೆದು ಒಣಗಿಸುವುದು ಅವರ ಕಸುಬು, ಬುಟ್ಟಿ ತಿರುಗಿಸುವುದು ಅವರ ಹುಚ್ಚು. ನನ್ನ ಮಾಳಿಗೆಯ ಕಥೆ ಕೇಳಿ ಅವರು ನನ್ನನ್ನು ತಮ್ಮ ಫೋನಿನ ಗುಂಪಿಗೆ ಸೇರಿಸಿದರು. ಅದರ ಹೆಸರು ‘ಬುಟ್ಟಿ ಬಳಗ’. ಯಾವ ಉಪಗ್ರಹದಲ್ಲಿ ಯಾವ ವಾಹಿನಿ ಬಂತು, ಯಾವುದು ಹೋಯಿತು ಎಂದು ದಿನವಿಡೀ ಸುದ್ದಿ. ನಡುನಡುವೆ ಊರೂರಿನ ಕಾಲೆಳೆತ. ಕನ್ನಡಕ್ಕೆ ಎಚ್‌ಡಿ ಯಾವಾಗ ಎಂಬುದು ಎಲ್ಲರ ಗೋಳು.

‘ತಮಿಳ ಮಂದೀಗಿ ಎಚ್‌ಡಿ, ತೆಲುಗ ಮಂದೀಗಿ ಎಚ್‌ಡಿ. ನಮಗ ಮಾತ್ರ ಇನ್ನೂ ಮಂಜ ಮಂಜ’ ಎಂದು ಸಿದರಾಯಣ್ಣ ಹಾಕಿದರೆ ಬಬಲೇಶ್ವರದವರೊಬ್ಬರು, ‘ತಿಕೋಟಾದವ್ರಿಗಿ ಎಚ್‌ಡಿ ಯಾಕ? ಒಣದ್ರಾಕ್ಷಿ ದಪ್ಪ ಕಾಣಲಿ ಅಂತೇನು?’ ಎನ್ನುವರು. ‘ನಿಮಗ ಬ್ಯಾಡ ಬಿಡ್ರಿ, ಟ್ರ್ಯಾಕ್ಟರ್ ಧೂಳಿನಾಗ ಏನ ಬಂದ್ರೂ ಒಂದ’ ಎಂದು ತಿಕೋಟಾದ ಉತ್ತರ. ಗಡಿಯಾಚೆ ಜತ್ತ ಕಡೆಯ ಒಬ್ಬರು, ಜಗಳ ಮುಗಿಯುವವರೆಗೆ ಮರಾಠಿ ನೋಡಿರೆಂದು ಸಲಹೆ ಕೊಡುವರು. ನನ್ನ ಸರದಿಯೂ ಬಂತು. ‘ಮೈಸೂರ ಟೀಚರ್ರೀ, ಮುದ್ದಿ ನುಂಗಿ ನುಂಗಿ ನೀವು ಮಾತೂ ನುಂಗತೀರಿ’ ಎಂದರು ಸಿದರಾಯಣ್ಣ. ನಾನೇನು ಕಮ್ಮಿ? ‘ನಿಮ್ಮ ಖಡಕ್ ರೊಟ್ಟಿಯನ್ನೇ ಕಂಬಕ್ಕೆ ಕಟ್ಟಿ ನೋಡಿ ಸಿದರಾಯಣ್ಣ, ಸಿಗ್ನಲ್ ಬಂದರೂ ಬಂತು’ ಎಂದು ಬರೆದೆ. ಬಳಗವೆಲ್ಲ ನಕ್ಕಿತು. ಬಂದ ಮೇಲೆ ನಾನು ಜೋರಾಗಿ ನಕ್ಕ ಮೊದಲ ದಿನ ಅದು.

ಒಂದು ದಿನ ನಿಜವಾಗಿಯೂ ಸುದ್ದಿ ಬಂತು. ಹೊಸ ಕನ್ನಡ ವಾಹಿನಿ, ಎಚ್‌ಡಿ, ಅದೂ ಉಚಿತ. ಆದರೆ ಬೇರೆ ಉಪಗ್ರಹದಲ್ಲಿ. ಎಲ್ಲರೂ ಬುಟ್ಟಿ ತಿರುಗಿಸಲೇಬೇಕು. ಶುರುವಾಗುವ ಭಾನುವಾರವೇ ದೂರದ ರಾಜ್ಯದಲ್ಲಿ ನಡೆಯುವ ಬಾಲಕಿಯರ ಸೈಕಲ್ ರೇಸನ್ನು ಅದರಲ್ಲಿ ನೇರವಾಗಿ ತೋರಿಸುತ್ತಾರಂತೆ. ಆ ರೇಸಿನಲ್ಲಿ ನಮ್ಮ ಒಂಬತ್ತನೆಯ ತರಗತಿಯ ಭಾಗ್ಯಶ್ರೀ ಇದ್ದಳು.

ಭಾಗ್ಯಶ್ರೀ ಜೈನಾಪುರದವಳು. ಅವಳ ಅವ್ವ ನೀಲವ್ವ ಹೊಲದ ಕೆಲಸ ಬಿಟ್ಟು ಆ ವಾರ ಶಾಲೆಗೇ ಬಂದರು. ಮಗಳ ಹಾಜರಿ ಕೇಳಲಿಕ್ಕಲ್ಲ.

‘ಹ್ವಾದ ವರ್ಷನೂ ಟಿವಿಯಾಗ ತೋರಿಸಿದ್ರು ಟೀಚರ್ರೀ. ಎಲ್ಲಾರೂ ತಲೀಗಿ ಟೊಪ್ಪಿಗಿ ಹಾಕ್ಕೊಂಡು ಇರುವಿ ಹೊಂಟಂಗ ಹೊಂಟಿದ್ರು. ನಮ್ಮಾಕಿ ಯಾಕಿ ಅಂತ ತಿಳೀಲೇ ಇಲ್ರಿ. ಸಂಜೀಕ ಫೋನ ಮಾಡಿ, ಅವ್ವಾ ನನ್ನ ನೋಡಿದೇನ ಅಂದ್ಳು. ನೋಡಿದ್ನಿ ಅಂದ್ನಿ.’ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡರು. ‘ಈ ಸಲ ಸುಳ್ಳ ಹೇಳಾಕ ಒಲ್ಲೆರಿ. ಹೊಸಾದರಾಗ ಮಾರಿ ಸ್ವಚ್ಛ ಕಾಣತೈತಿ ಅಂತಾರ, ಖರೇ ಏನ್ರಿ?’

ಖರೇ ಎಂದೆ. ನಾನೇ ಬಂದು ಬುಟ್ಟಿ ಕೂರಿಸಿ ಕೊಡುತ್ತೇನೆ ಎಂದೂ ಹೇಳಿದೆ. ಆ ಉಪಗ್ರಹ ಅಪ್ಪನ ಅಂಗಡಿಯ ಹಳೆಯ ನೆಂಟ, ಪಟ್ಟಿಯ ಮೇಲೆ ಅದಕ್ಕೂ ಒಂದು ಗೀರು ಇತ್ತು. ಬಳಗದಲ್ಲೂ ಜಂಬದಿಂದ ಹಾಕಿದೆ: ಜೈನಾಪುರದ ಜವಾಬ್ದಾರಿ ನನ್ನದು, ತಿಕೋಟಾಕ್ಕಿಂತ ಮೊದಲೇ ಅಲ್ಲಿ ಚಿತ್ರ ಬರುತ್ತದೆ.

ಭಾನುವಾರ ಮೊದಲ ಬಸ್ಸಿಗೆ ಹೊರಟೆ. ನನ್ನ ಎಚ್‌ಡಿ ಬಾಕ್ಸನ್ನು ಟವೆಲಿನಲ್ಲಿ ಸುತ್ತಿ ತೊಡೆಯ ಮೇಲೆ ಇಟ್ಟುಕೊಂಡಿದ್ದೆ. ಸಾರವಾಡದಲ್ಲಿ ಹತ್ತಿದ ಹೆಂಗಸೊಬ್ಬಳು ಅದರ ಮೇಲೆ ಚೀಲ ಇಡಲು ಬಂದಳು, ಕೂಸಿದೆ ಎಂದೆ. ಜೈನಾಪುರ ತಲುಪುವ ಹೊತ್ತಿಗೆ ನೀಲವ್ವನ ಮನೆಯಲ್ಲಿ ಅರ್ಧ ಓಣಿ ಸೇರಿತ್ತು. ರೇಸು ಹತ್ತಕ್ಕೆ. ನಾನು ಮಾಳಿಗೆ ಹತ್ತಿದೆ, ಪಟ್ಟಿ ಹಿಡಿದೆ, ದಾರವನ್ನು ಗೀರಿನ ಮೇಲೆ ಕೂರಿಸಿದೆ. ‘ಬಂತೇನ್ರಿ?’

‘ಇಲ್ರೀ!’ ಕೆಳಗಿನಿಂದ ನೀಲವ್ವ. ಹೊಲದ ಈ ಬದುವಿನಿಂದ ಆ ಬದುವಿಗೆ ಕೂಗಿ ಪಳಗಿದ ಗಂಟಲು ಅದು.

ಎಡಕ್ಕೆ. ಇಲ್ಲ. ಬಲಕ್ಕೆ. ಇಲ್ಲ. ಒಂಬತ್ತೂವರೆಯಾಯಿತು. ಬಿಸಿಲಿಗೆ ಬುಟ್ಟಿಯ ಅಂಚು ಕೈ ಸುಡುತ್ತಿತ್ತು. ನೀಲವ್ವನ ‘ಇಲ್ರೀ’ ಒಂದೊಂದು ಸಲಕ್ಕೂ ಮೆತ್ತಗಾಗುತ್ತಾ ಹೋಯಿತು, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಅಷ್ಟರಲ್ಲಿ ಫೋನು. ಸಿದರಾಯಣ್ಣ.

‘ತಿಕೋಟಾದಾಗ ಬಂತ್ರಿ ಟೀಚರ್ರೀ! ಕನ್ನಡಿ ಕಂಡಂಗ ಕಾಣಾಕತ್ತೈತಿ. ನಿಮ್ಮದು?’

‘ಇಲ್ಲ ಅಣ್ಣಾ. ಇಲ್ಲಿನ ಕಂಬವೂ ಸೊಟ್ಟಗಿರಬೇಕು. ನಮ್ಮೂರಲ್ಲಿ ಈ ಗೀರು ಒಂದು ದಿನವೂ ತಪ್ಪಿದ್ದಿಲ್ಲ.’

ಆಚೆ ಕಡೆಯಿಂದ ನಗು. ‘ಯಪ್ಪಾ! ನಿಮ್ಮೂರು ಬಿಟ್ಟು ಎಷ್ಟು ದೂರ ಬಂದೀರಿ ನೀವು? ನಿಮಗೇನೋ ಗೊತ್ತೈತಿ. ಬುಟ್ಟಿಗಿ ಹೇಳೀರೇನು?’

ನಾನು ಮಾಳಿಗೆಯ ಮೇಲೆ ಹಾಗೇ ಕುಳಿತುಬಿಟ್ಟೆ. ಭೂಮಿ ದುಂಡಗಿದೆ ಎಂದು ಹೋದ ತಿಂಗಳಷ್ಟೇ ಪಾಠ ಮಾಡಿದ್ದೆ. ಉಪಗ್ರಹ ನಿಂತಿರುವುದು ಸಮಭಾಜಕ ವೃತ್ತದ ಮೇಲೆ. ಉತ್ತರಕ್ಕೆ ಬಂದಷ್ಟೂ ಅದು ಆಕಾಶದಲ್ಲಿ ತುಸು ಕೆಳಗೆ ಇಳಿದು ಕಾಣುತ್ತದೆ. ನಂಜನಗೂಡಿನಲ್ಲಿ ಎತ್ತಿದ ತಲೆಯನ್ನು ಇಲ್ಲಿ ಸ್ವಲ್ಪ ತಗ್ಗಿಸಬೇಕು, ಮುಖವನ್ನು ತುಸು ಬಲಕ್ಕೆ ಹೊರಳಿಸಬೇಕು. ಮಕ್ಕಳಿಗೆ ಚೆಂಡು ಹಿಡಿದು ತೋರಿಸಿದವಳು ನಾನೇ. ಆದರೂ ಇಷ್ಟು ತಿಂಗಳು ಕಂಡವರ ಕಂಬಗಳನ್ನು ಬೈದುಕೊಂಡು ಓಡಾಡಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾಚಿಕೆಯಾಯಿತು, ನಗುವೂ ಬಂತು.

ಬುಟ್ಟಿಯ ತಲೆಯನ್ನು ನಿಧಾನ ತಗ್ಗಿಸಿದೆ. ಬಲಕ್ಕೆ ಒಂದಿಷ್ಟು.

‘ಬಂತ್ರೀ!’ ಆ ಕೂಗಿಗೆ ಮಾಳಿಗೆಯ ಮೇಲಿನ ಪಾರಿವಾಳಗಳೆಲ್ಲ ಎದ್ದು ಹಾರಿದವು. ‘ಬಂತು, ಬಂತು, ಮುಟ್ಟಬ್ಯಾಡ್ರಿ!’

ಪಟ್ಟಿಯನ್ನು ಬುಟ್ಟಿಯ ಬೆನ್ನಿಗೆ ಹಿಡಿದು, ದಾರ ಈಗ ಬಿದ್ದಲ್ಲಿ ಕೂದಲ ಪಿನ್ನಿನಿಂದ ಇನ್ನೊಂದು ಗೀರು ಎಳೆದು ಕೆಳಗಿಳಿದೆ. ಬೇರೆ ರಾಜ್ಯದ ರಸ್ತೆಯೊಂದು ಪರದೆಯ ಮೇಲೆ ಹುಲ್ಲಿನ ಎಳೆ ಎಳೆಯೂ ಕಾಣುವಂತೆ ಹರಡಿತ್ತು, ವಿವರಣೆ ನಮ್ಮ ಕನ್ನಡದಲ್ಲಿ. ಹೆಲ್ಮೆಟ್ ತೊಟ್ಟ ಹುಡುಗಿಯರು ಏರು ಹತ್ತುತ್ತಿದ್ದರು. ನೀಲವ್ವ ಟಿವಿಯ ಹತ್ತಿರವೇ ನಿಂತಿದ್ದರು, ರೆಪ್ಪೆ ಬಡಿಯುತ್ತಿರಲಿಲ್ಲ.

‘ಅಕಿ! ಅಕೀನ ನೋಡ್ರಿ! ನಾಲಿಗಿ ಕಚ್ಚ್ಯಾಳ! ಏರ ಬಂತಂದ್ರ ಅಕಿ ಹಿಂಗ ನಾಲಿಗಿ ಕಚ್ಚತಾಳ, ಸಣ್ಣಾಕಿದ್ದಾಗಿಂದ!’ ಪರದೆಯ ಮೇಲಿನ ಮಗಳ ಕೆನ್ನೆಯನ್ನು ಮುಟ್ಟಿ ಅವರು ಅತ್ತುಬಿಟ್ಟರು. ನಾನೂ ಅತ್ತೆ. ಮುಚ್ಚಿಡುವುದೇನು.

ಭಾಗ್ಯಶ್ರೀ ಐದನೆಯವಳಾಗಿ ಬಂದಳು. ಓಣಿಯ ಸಂಭ್ರಮ ನೋಡಿದ್ದರೆ ಮೊದಲನೆಯವಳಿಗೇ ಅನುಮಾನ ಬರಬೇಕು. ಬಳಗದಲ್ಲಿ ತಿಕೋಟಾ, ಬಬಲೇಶ್ವರ, ವಿಜಯಪುರ ಎಲ್ಲರೂ ‘ನಮ್ಮ ಹುಡಗಿ’ ಎಂದು ಬರೆದರು, ಜತ್ತದವರೂ ಬಿಡಲಿಲ್ಲ. ‘ಚಿತ್ರ ಮೊದಲ ಬಂದಿದ್ದು ತಿಕೋಟಾಕ್ಕ, ಅದನ್ನ ಮರೀಬ್ಯಾಡ್ರಿ’ ಎಂದು ಸಿದರಾಯಣ್ಣ ಕೊನೆಗೆ ಸೇರಿಸಿದರು. ಸಂಜೆ ಮಗಳ ಫೋನು ಬಂದಾಗ ನಾನು ಇನ್ನೂ ಅಲ್ಲೇ ಇದ್ದೆ. ‘ನೋಡಿದ್ನವಾ’ ಎಂದರು ನೀಲವ್ವ. ‘ಏರಿನ್ಯಾಗ ನಾಲಿಗಿ ಕಚ್ಚಿದ್ದಿಲ್ಲೇನ?’ ಆಚೆಯಿಂದ ಹುಡುಗಿ ನಕ್ಕಿದ್ದು ನನಗೂ ಕೇಳಿಸಿತು. ಹೆಮ್ಮೆಯಿಂದ ಎದೆ ಉಬ್ಬುವುದು ಎಂದು ಪುಸ್ತಕದಲ್ಲಿ ಓದಿದ್ದೆ, ಅಂದು ನನಗೇ ಆಯಿತು.

ದಸರೆಯ ರಜೆಗೆ ನಂಜನಗೂಡಿಗೆ ಹೋದೆ. ಅಪ್ಪನಿಗೆ ಮೊಣಕಾಲು ನೋವು, ಮಾಳಿಗೆ ಹತ್ತುವಂತಿಲ್ಲ. ಆ ಹೊಸ ವಾಹಿನಿ ಕೂರಿಸಿಕೊಡು ಎಂದರು. ನಾನು ಹತ್ತಿದೆ, ಪಟ್ಟಿ ಹಿಡಿದೆ, ಬುಟ್ಟಿ ಬಾಗಿಸಿದೆ. ‘ಬಂತೇನ್ರಿ ಅಪ್ಪಾ?’

‘ಏನೂ ಇಲ್ಲ ಕಣಮ್ಮ.’

ಮತ್ತೆ ಸರಿಪಡಿಸಿದೆ. ಇಲ್ಲ. ಮೂರನೆಯ ಸಲಕ್ಕೆ ಅಪ್ಪ ಕುಂಟುತ್ತಾ ಅಂಗಳಕ್ಕೆ ಬಂದು ತಲೆಯೆತ್ತಿ ನೋಡಿದರು. ‘ಅಷ್ಟ್ಯಾಕಮ್ಮಾ ತಲೆ ಬಗ್ಗಿಸಿದ್ದೀಯ ಅದಕ್ಕೆ? ಎಲ್ಲಿ, ಆ ಪಟ್ಟಿ ಕೊಡು.’

ಕೆಳಗಿಳಿದು ಕೊಟ್ಟೆ. ಅಪ್ಪ ಕನ್ನಡಕ ಸರಿಸಿ ಬಹಳ ಹೊತ್ತು ನೋಡಿದರು. ತಾವು ಎಳೆದ ಗೀರಿನ ಪಕ್ಕದಲ್ಲಿದ್ದ ಹೊಸ ಗೀರಿನ ಮೇಲೆ ಬೆರಳಿಟ್ಟು, ‘ಇದ್ಯಾವುದು?’ ಎಂದರು.

‘ನಮ್ಮೂರ್ದು ಅಪ್ಪಾ.’ ಯೋಚಿಸುವ ಮೊದಲೇ ಬಾಯಿಗೆ ಬಂದುಬಿಟ್ಟಿತ್ತು.

ಅಪ್ಪ ನನ್ನ ಮುಖ ನೋಡಿದರು. ಆಮೇಲೆ ಬೆರಳನ್ನು ತಮ್ಮ ಹಳೆಯ ಗೀರಿಗೆ ಸರಿಸಿದರು. ‘ಹಂಗಾದ್ರೆ ಇದು?’

‘ಅದೂ ನಮ್ಮೂರ್ದೇ’ ಎಂದೆ.

ಅಪ್ಪ ಪಟ್ಟಿಯನ್ನು ನನ್ನ ಕೈಗೆ ವಾಪಸು ಕೊಟ್ಟರು. ಆ ರಜೆ ಮುಗಿಯುವವರೆಗೂ ವರ್ಗಾವಣೆ ಅರ್ಜಿಯ ಮಾತು ಎತ್ತಲಿಲ್ಲ. ನಾನು ಮಾಳಿಗೆ ಹತ್ತಿ ಬುಟ್ಟಿಯ ತಲೆ ಎತ್ತಿದೆ. ಕೆಳಗಿನಿಂದ ಅಪ್ಪ, ‘ಬಂತು ಕಣಮ್ಮ’ ಎಂದರು.