ಸುಮಿತ್ರಾ ಬರೆದ ಪ್ರೋಗ್ರಾಂ

ನಮ್ಮ ಕಂಪ್ಯೂಟರ್ ವಿಭಾಗಕ್ಕೆ ಮೊದಲ ಬಹುಮಾನ ತಂದ ಪ್ರೋಗ್ರಾಂ ನನ್ನದಲ್ಲ. ಅದನ್ನು ಬರೆದವಳು ನನ್ನ ಸಹಪಾಠಿ ಸುಮಿತ್ರಾ. ನಾನು ಕದ್ದೆ. ಕದ್ದದ್ದಷ್ಟೇ ಅಲ್ಲ — ಅವಳನ್ನೇ ಕಳ್ಳಿ ಮಾಡಿದೆ.

ತೊಂಬತ್ತರ ದಶಕದ ಕೊನೆ. ಇಬ್ಬರೂ ಎಂಸಿಎ ಕೊನೆಯ ವರ್ಷದಲ್ಲಿದ್ದೆವು. ಅವಳು ಭದ್ರಾವತಿಯ ಕಾಗದನಗರದವಳು, ನಾನು ಅದೇ ಊರಿನ ಜನ್ನಾಪುರದವನು. ಶಿವಮೊಗ್ಗದ ಕಾಲೇಜಿಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಕನ್ನಡ ಪದಗಳನ್ನು ನಿಘಂಟಿನ ಕ್ರಮಕ್ಕೆ ಜೋಡಿಸುವ ಪ್ರೋಗ್ರಾಂ ಅವಳ ಪ್ರಾಜೆಕ್ಟು; ನನಗೂ ಅದೇ ವಿಷಯ ಕೊಟ್ಟಿದ್ದರು. ಆಗ ಕಂಪ್ಯೂಟರಿಗೆ ನಮ್ಮ ಒತ್ತಕ್ಷರಗಳೆಂದರೆ ತಲೆನೋವು. ಅದನ್ನು ತಾನು ಬಿಡಿಸಿದ ಬಗೆಯನ್ನು ಬಸ್ಸಿನ ಕಿಟಕಿಯ ಧೂಳಿನ ಮೇಲೆ ಬೆರಳಲ್ಲಿ ಬರೆದು ನನಗೆ ತೋರಿಸಿದ್ದಳು. ಎಷ್ಟು ಖುಷಿಯಿತ್ತು ಆ ಮುಖದಲ್ಲಿ...

ಪ್ರಾಜೆಕ್ಟ್ ಪರೀಕ್ಷೆಯ ಹಿಂದಿನ ದಿನ ಅವಳ ತಂದೆಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಿದರು. ಅವಳು ತನ್ನ ಪ್ರೋಗ್ರಾಂ ಇದ್ದ ಫ್ಲಾಪಿಯನ್ನು ನನ್ನ ಕೈಗಿಟ್ಟು, "ನಾಳೆ ಬರಕ್ಕಾಗಲ್ಲ ಮಾರಾಯ. ಇದನ್ನ ಸರ್‌ಗೆ ಕೊಟ್ಟು, ಆಮೇಲೆ ಬಂದು ತೋರಿಸ್ತಾಳೆ ಅಂತ ಹೇಳ್ಬಿಡು" ಎಂದಳು.

ಮರುದಿನ ಲ್ಯಾಬಿನಲ್ಲಿ ನನ್ನ ಪ್ರೋಗ್ರಾಂ ಓಡಲಿಲ್ಲ. ತಿದ್ದಿದಷ್ಟೂ ಕೆಟ್ಟಿತು. ಪರೀಕ್ಷಕರು ಪಕ್ಕದ ಸಾಲಿಗೆ ಬಂದಿದ್ದರು. ಅವಳ ಫ್ಲಾಪಿ ಹಾಕಿದೆ — ಸುಮ್ಮನೆ ನೋಡಲು ಎಂದು ನನಗೆ ನಾನೇ ಹೇಳಿಕೊಂಡು. ಪದಗಳು ಒಂದೊಂದಾಗಿ ಸಾಲಿಗೆ ನಿಲ್ಲುತ್ತಿದ್ದಂತೆ ಬೆನ್ನ ಹಿಂದಿನಿಂದ ದನಿ ಬಂತು.

"ಚೆನ್ನಾಗಿದೆಯಲ್ರೀ! ನೀವೇ ಬರೆದಿದ್ದಾ?"

"ಹೌದು ಸರ್."

ಒತ್ತಕ್ಷರದ ಬಗ್ಗೆ ಕೇಳಿದರು. ಬಸ್ಸಿನಲ್ಲಿ ಅವಳು ಹೇಳಿದ್ದನ್ನೇ ಒಪ್ಪಿಸಿದೆ.

ವಾರ ಕಳೆದು ಸುಮಿತ್ರಾ ಬಂದಳು. ಮನೆಯಲ್ಲಿದ್ದ ಇನ್ನೊಂದು ಪ್ರತಿಯನ್ನು ತೋರಿಸಿದಳು. ವಿಭಾಗದ ಮುಖ್ಯಸ್ಥರು ಇಬ್ಬರನ್ನೂ ಕರೆಸಿದರು.

"ಎರಡೂ ಒಂದೇ ಇದೆ. ಯಾರು ಯಾರದ್ದನ್ನ ಕಾಪಿ ಹೊಡೆದಿದ್ದು?"

ಅವಳು ನನ್ನತ್ತ ತಿರುಗಿದಳು. ಕಣ್ಣಿನಲ್ಲಿ ಸಿಟ್ಟಿರಲಿಲ್ಲ — ನಾನು ನಿಜ ಹೇಳುತ್ತೇನೆಂದು ಕಾಯುತ್ತಿದ್ದಳು. ಆಗಲಾದರೂ...

"ಬಸ್ಸಲ್ಲಿ ಅವಳಿಗೆ ಎಲ್ಲಾ ಹೇಳ್ತಿದ್ದೆ ಸರ್" ಎಂದೆ.

"ಸುಳ್ಳು ಸರ್, ಇದು ನಂದು!" ಎಂದು ಅವಳು ಕೂಗಿದಳು. "ಹಾಗಾದ್ರೆ ಪರೀಕ್ಷೆ ದಿನ ಎಲ್ಲಿದ್ರಮ್ಮಾ?" ಎಂದರು ಅವರು. ಆಸ್ಪತ್ರೆಯೆಂದರೂ ಕೇಳಲಿಲ್ಲ.

ಅವಳನ್ನು ಫೇಲು ಮಾಡಿದರು. ಅವಳು ಮತ್ತೆ ಪರೀಕ್ಷೆಗೆ ಕಟ್ಟಲಿಲ್ಲ. ಆ ಪ್ರೋಗ್ರಾಂ ರಾಜ್ಯಮಟ್ಟದ ಸ್ಪರ್ಧೆಯಲ್ಲಿ ಗೆದ್ದಿತು. ಆ ಹೆಸರಿನ ಬಲದಲ್ಲೇ ಅದೇ ವಿಭಾಗದಲ್ಲಿ ನನಗೆ ಅಧ್ಯಾಪಕನ ಕೆಲಸ ಸಿಕ್ಕಿತು. ವಿದ್ಯಾರ್ಥಿಗಳಿಗೆ ಪ್ರಾಮಾಣಿಕತೆಯ ಮಾತನ್ನೂ ಆಡಿದ್ದೇನೆ — ನಾನು!

ಹೋದ ಭಾನುವಾರ ಹೊಳೆಹೊನ್ನೂರಿಗೆ ಹೋದೆ. ಸುಮಿತ್ರಾ ಅಲ್ಲಿ ಮಕ್ಕಳಿಗೆ ಕಂಪ್ಯೂಟರ್ ಹೇಳಿಕೊಡುತ್ತಾಳೆ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಅವಳು ಕೊನೆತನಕ ಕೇಳಿದಳು.

"ಇದೆಲ್ಲಾ ನಂಗೆ ಗೊತ್ತಿರೋದೇ ಅಲ್ವಾ?" ಎಂದಳು. "ಗೊತ್ತಿಲ್ಲದೋರಿಗೆ ಹೇಳು."

ಮುಖ್ಯಸ್ಥರಿಗೆ ಹೇಳಿದೆ. ಈಗಿನವರು ಬೇರೆಯವರು. "ಹಳೇದನ್ನ ಯಾಕ್ರೀ ಕೆದಕ್ತೀರಾ, ವಿಭಾಗದ ಮರ್ಯಾದೆ ಪ್ರಶ್ನೆ" ಎಂದು ಬಾಗಿಲು ಹಾಕಿಕೊಂಡರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ನಾಳೆ ಬೆಳಿಗ್ಗೆ ನನ್ನ ತರಗತಿಯಿದೆ. ಪಾಠಕ್ಕೆ ಮೊದಲು ಅವಳ ಹೆಸರು ಹೇಳುತ್ತೇನೆ. ಆಮೇಲೆ ನಾನು ಮಾಡಿದ್ದನ್ನು.